ಮೂರು ಬೆರಳು

ಸ್ನೋಮೊಬೈಲ್ ಎಂಬ ಹಿಮಗಾಡಿಗಳ ದಾರಿಯಲ್ಲಿ ಎದುರಿಗೆ ಇನ್ನೊಂದು ಗುಂಪು ಬಂದರೆ ಮುಂದಾಳು ಎಡಗೈ ಎತ್ತಿ ಬೆರಳು ತೋರಿಸಬೇಕು: ನನ್ನ ಹಿಂದೆ ಇನ್ನು ಇಷ್ಟು ಗಾಡಿ ಇವೆ, ಜೋಪಾನ. ಕಡೆಯವನು ಮುಷ್ಟಿ ತೋರಿಸಬೇಕು: ನನ್ನ ಹಿಂದೆ ಯಾರೂ ಇಲ್ಲ. ಮಿಶಿಗನ್ನಿನ ಈ ಬಡಗಣ ಮೂಲೆಯಲ್ಲಿ ಇದರಲ್ಲಿ ತಪ್ಪಿದವನನ್ನು ಜನ ಸುಮ್ಮನೆ ಬಿಡುವುದಿಲ್ಲ, ಬಿಡಲೂಬಾರದು.

ರೇನೋ ಕಲ್ಲಿಯೋ ಇಪ್ಪತ್ತಾರು ಚಳಿಗಾಲ ಮುಂದಾಳಾಗಿದ್ದವನು. ಪ್ರತಿ ಫೆಬ್ರವರಿ ಟ್ರಕ್ಕಿಗೆ ಸ್ನೋಮೊಬೈಲುಗಳನ್ನು ಹೇರಿಕೊಂಡು, ಸರೋವರದ ಮೇಲಿನ ಉದ್ದ ಸೇತುವೆ ದಾಟಿ ಇಲ್ಲಿಗೆ ಬಂದು, ಮೊದಲ ದಿನ ಸ್ಕೀ, ಆಮೇಲೆ ಮೂರು ದಿನ ಗಾಡಿ. ಅದು ಈ ಗೆಳೆಯರ ಕಟ್ಟಳೆ. ಈ ಸಲ ಬಂದವರು ಮೂವರೇ: ರೇನೋ, ಬಡಗಿ ಗಾರ್ಡಿ, ನಿವೃತ್ತ ನರ್ಸ್ ಐಲೀನ್. ನಾಲ್ಕನೆಯವನಾದ ಆರ್ವಿಡ್ ಮಂಡಿನೋವಿಗೆ ಸೋತು, ಗಾಡಿ ಮಾರಿ, ಫ್ಲಾರಿಡಾ ಸೇರಿದ್ದ. ಅಲ್ಲಿ ಅವನಿಗೇನು ಕೆಲಸವೋ, ಮರಳಿನ ಮೇಲೆ ಕೂತು ಕಿತ್ತಳೆ ಸುಲಿಯುವುದು ಬಿಟ್ಟು.

ಹೊರಡುವಾಗ ರೇನೋನ ಹೆಂಡತಿ ಹಿಲ್ಮಾ ಎಲ್ಲರೆದುರಿಗೇ ಖಡಾಖಂಡಿತವಾಗಿ ಹೇಳಿದ್ದಳು. ಕಳೆದ ಸಲ ಎಲೆ ಉದುರುವ ಕಾಲದಲ್ಲಿ ಇವನು ಎರಡು ಸಲ ಮನೆಯ ದಾರಿ ಮರೆತಿದ್ದಾನೆ. ಅಲ್ಲಿ ಒಂದು ಎಡವಟ್ಟಾದರೂ ಗಾಡಿಯ ಕೀಲಿ ಗಾರ್ಡಿಯ ಕೈಗೆ, ಮತ್ತೆಂದೂ ವಾಪಸ್ ಇಲ್ಲ. ಅರವತ್ತಕ್ಕೆ ಅರಳುಮರಳು ಅನ್ನುತ್ತಾರೆ, ಇವನಿಗೋ ಎಪ್ಪತ್ತೊಂದು. ರೇನೋ ನಗುನಗುತ್ತ ಒಪ್ಪಿದ್ದ, ಒಳಗೊಳಗೆ ಹೆದರಿದ್ದ. ಗಾಡಿಯೂ ಹೋದರೆ ಈ ಚಳಿಗಾಲದಲ್ಲಿ ತನಗೆ ಉಳಿಯುವುದೇನು ಎಂದು ಅವನಿಗೆ ತೋಚಿರಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ದಾರಿಬದಿಯ ಹೋಟೆಲಿನಲ್ಲಿ ಮಾಂಸ ತುಂಬಿದ ಬಿಸಿ ಪಾಸ್ಟಿ ತಿನ್ನುತ್ತಿದ್ದಾಗ, ಇಬ್ಬರು ಗಂಡಸರು ಹಿಮ ಕೊಡವುತ್ತ ಒಳಗೆ ಬಂದರು. ದಾರಿಯಲ್ಲಿ ಇವರಿಗೆ ಎದುರಾಗಿದ್ದವರೇ. ಗಡ್ಡದವನು ನೇರ ರೇನೋನ ಹತ್ತಿರ ಬಂದ.

"ನೀವು ಮೂರು ಬೆರಳು ತೋರ್ಸಿದ್ರಿ. ಹಿಂದೆ ಬಂದಿದ್ದು ಎರಡೇ ಗಾಡಿ, ಕೊನೇಲಿದ್ದೋರು ಮುಷ್ಟಿ ತೋರ್ಸಿದ್ರು. ಕಾಲು ಗಂಟೆ ಅಲ್ಲೇ ಕಾದ್ವಿ, ಯಾರೂ ಬರ್ಲಿಲ್ಲ, ಅದಕ್ಕೇ ಕೇಳೋಣ ಅಂತ ವಾಪಸ್ ತಿರುಗಿ ಬಂದ್ವಿ. ಮೂರನೇವ್ರು ಎಲ್ಲಿ?"

ರೇನೋ ಕೈಯಲ್ಲಿದ್ದ ಪಾಸ್ಟಿ ಕೆಳಗಿಟ್ಟ. ಮೂರು ತೋರಿಸಿದೆನೆ? ತೋರಿಸಿದ್ದು ಹೌದು. ಐಲೀನ್ ಒಂದು, ಗಾರ್ಡಿ ಎರಡು. ಮತ್ತೊಮ್ಮೆ ಎಣಿಸಿದ, ಎರಡೇ ಬಂತು. ಗಾರ್ಡಿ ಬಂದವರ ಕ್ಷಮೆ ಕೇಳಿ, ನಮ್ಮವನೊಬ್ಬ ಊರು ಬಿಟ್ಟಿದ್ದಾನೆ, ಇವನು ಹಳೇ ಲೆಕ್ಕದಲ್ಲಿ ಕೈ ಎತ್ತಿದ್ದಾನೆ ಎಂದು ಸಮಾಧಾನ ಹೇಳಿದ. ಆಮೇಲೆ ಕೀಲಿಗಾಗಿ ರೇನೋನ ಮುಂದೆ ಮೆಲ್ಲಗೆ ಅಂಗೈ ಚಾಚಿದ.

"ಬೇಜಾರ್ ಮಾಡ್ಕೋಬೇಡ ಮಾರಾಯ. ಹಿಲ್ಮಾಗೆ ಮಾತು ಕೊಟ್ಟಿದೀನಿ."

"ಹಿಂದೆ ಇನ್ನೊಂದು ದೀಪ ಇತ್ತು ಕಣೋ, ನಾನು ನೋಡ್ದೆ," ಅಂದ ರೇನೋ.

ಅದು ಕಂಡದ್ದೋ, ಮಾನ ಉಳಿಸಿಕೊಳ್ಳಲು ಬಾಯಿಗೆ ಬಂದದ್ದೋ, ಅವನಿಗೇ ತಿಳಿಯಲಿಲ್ಲ. ಆದರೆ ಆಡಿದ ಮೇಲೆ ಕೂತಿರಲಾಗಲಿಲ್ಲ. ಹೆಲ್ಮೆಟ್ ಎತ್ತಿಕೊಂಡು ಹೊರಗೆ ನಡೆದೇಬಿಟ್ಟ. ಈ ಮುದುಕನನ್ನು ಒಬ್ಬನೇ ಬಿಡುವುದುಂಟೆ? ಗಾರ್ಡಿ ಗೊಣಗುತ್ತ, ಜೊತೆಗೆ ಐಲೀನ್, ಬಂದ ಇಬ್ಬರೂ ಸೇರಿ ಅವನ ಹಿಂದೆ ಹೊರಟರು.

ನಾಲ್ಕು ಮೈಲಿ ಹೋಗುವಷ್ಟರಲ್ಲಿ ರೇನೋ ತನ್ನನ್ನು ತಾನೇ ಸಾವಿರ ಸಲ ಬೈದುಕೊಂಡಿದ್ದ. ಹಳ್ಳದ ತಿರುವಿನಲ್ಲಿ, ಸ್ಪ್ರೂಸ್ ಮರಗಳ ಬುಡದಲ್ಲಿ, ಮಗುಚಿಬಿದ್ದ ಗಾಡಿಯೊಂದು ಕಂಡಿತು. ಅದರಡಿ ಕಾಲು ಸಿಕ್ಕಿಸಿಕೊಂಡು, ಸೊಂಟದವರೆಗೆ ಹಿಮದಲ್ಲಿ ಹೂತು, ಒಬ್ಬ ಹೆಂಗಸು ಕುಳಿತಿದ್ದಳು. ತುಟಿ ನೀಲಿಗಟ್ಟಿತ್ತು. ಐವರೂ ಸೇರಿ ಗಾಡಿ ಎತ್ತಿದರು.

ಹೋಟೆಲಿನ ಒಲೆಯ ಮುಂದೆ ಕಂಬಳಿ ಹೊದ್ದುಕೊಂಡು ಅವಳು ಹೇಳಿದಳು. ಹೆಸರು ಮಾರ್ಲಿಸ್. ಹಾರುವ ಹಿಮದಲ್ಲಿ ದಾರಿ ಕಾಣದೆ, ಇವರ ಕೆಂಪು ದೀಪ ನಂಬಿಕೊಂಡು ಐದು ಮೈಲಿ ಹಿಂದೆ ಹಿಂದೆಯೇ ಬಂದಿದ್ದಳಂತೆ. ಮುಷ್ಟಿ ತೋರಿಸಿದ್ದ ಗಾರ್ಡಿಯ ಮುಖ ಸಪ್ಪಗಾಯಿತು. ಒಂದೇ ಒಂದು ಸಲ ತಿರುಗಿ ನೋಡಲಿಲ್ಲವಲ್ಲ ಎಂದು ತನ್ನನ್ನೇ ಹಳಿದುಕೊಂಡ. ಗಡ್ಡದವನು ಎಲ್ಲರಿಗೂ ಬ್ರಾಂಡಿ ಹೇಳಿದ.

"ನಿನ್ನ ತಲೆ ನಮ್ಮೆಲ್ರಿಗಿಂತ ನೆಟ್ಟಗಿದೆ," ಅಂದ ಗಾರ್ಡಿ. "ಹಿಲ್ಮಾಗೆ ನಾನೇ ಹೇಳ್ತೀನಿ."

ರೇನೋ ಖುಷಿಪಡಬೇಕಿತ್ತು. ಎಲ್ಲರೂ ಬೆನ್ನು ತಟ್ಟುವಾಗ ಅವನು ಆ ತಿರುವನ್ನು ನೆನಪಿಗೆ ತಂದುಕೊಳ್ಳಲು ಒದ್ದಾಡುತ್ತಿದ್ದ. ದೀಪ ಕಂಡಿತ್ತೆ? ನಿಧಾನವಾಗಿ ನೆನಪಾಯಿತು. ಕಂಡದ್ದು ದೀಪವಲ್ಲ. ಕನ್ನಡಿಯಲ್ಲಿ ಆರ್ವಿಡ್ ಕಂಡಿದ್ದ. ಎಂದಿನಂತೆ ಮೊಣಕೈ ಅಗಲಿಸಿಕೊಂಡು ಬರುತ್ತಿದ್ದ, ಕೈ ಕೂಡ ಬೀಸಿದ್ದ. ಆಗ ಅದರಲ್ಲಿ ವಿಶೇಷವೇನೂ ಇದೆ ಅನ್ನಿಸಿರಲಿಲ್ಲ.

ಮಾರ್ಲಿಸ್ ಅವನ ಕೈ ಹಿಡಿದುಕೊಂಡು ಕಣ್ಣೀರು ಹಾಕಿದಳು. "ನೀವು ಹಿಂದೆ ತಿರುಗಿ ನೋಡ್ದೇ ಇದ್ದಿದ್ರೆ ನಾನು ಇರ್ತಿರ್ಲಿಲ್ಲ."

"ಬಿಡಮ್ಮ, ಬ್ರಾಂಡಿ ಆರೋಗತ್ತೆ, ಕುಡಿ," ಅಂದ ರೇನೋ. ಬ್ರಾಂಡಿ ಆರುವುದಿಲ್ಲ ಎಂದು ಯಾರೂ ನಗಲಿಲ್ಲ. ಅವನು ಜೇಬಿನಿಂದ ಕೀಲಿ ತೆಗೆದು ಮೇಜಿನ ಮೇಲಿಟ್ಟು, ಗಾರ್ಡಿಯ ಕಡೆಗೆ ಸರಿಸಿದ.

"ಯಾಕೋ?" ಅಂದ ಗಾರ್ಡಿ.

"ನಾಳೆಯಿಂದ ಮುಂದಾಳು ನೀನೇ."