ಹಿಂದಕ್ಕೆ ತಿರುಗಿದ ಕಿವಿ

ಅಂಗೈ ಮೂಸಿದರೆ ಇನ್ನೂ ಕುದುರೆಗೆ ತಿನ್ನಿಸಿದ ಹುರುಳಿಯ ವಾಸನೆ, ಬೆಳಗ್ಗೆ ಸೀಗೆಪುಡಿ ಹಚ್ಚಿ ಉಜ್ಜಿ ತೊಳೆದದ್ದಾಯಿತು, ಹೋಗಲೊಲ್ಲದು, ಹೋಗದಿದ್ದರೆ ಬೇಡ, ಆದರೆ ಎದ್ದಾಗಿನಿಂದ ಎದೆಯೊಳಗೆ ಇನ್ನೊಂದು ಕೂತಿದೆಯಲ್ಲ, ಅದನ್ನು ಏನು ಹಚ್ಚಿ ತೊಳೆಯುವುದು — ಇವತ್ತಿನ ಓಟದಲ್ಲಿ ಬೂದಿ ಸೋಲಲಿ ಅಂತ ಅನ್ನಿಸುತ್ತಿದೆ ಅವಳಿಗೆ. ತುಂಗಾ ಗಾಬರಿಯಾಗಿ ಪಕ್ಕದಲ್ಲಿ ನಿಂತ ಅವ್ವನ ಮುಖ ನೋಡಿದಳು, ಒಳಗಿನದು ಎಲ್ಲಾದರೂ ಹೊರಗೆ ಕೇಳಿಸಿಬಿಟ್ಟಿತೋ ಅಂತ. ಇಲ್ಲ, ಹಾಲಮ್ಮ ಸೊರಬದ ರಸ್ತೆಯ ಆ ತುದಿಯನ್ನೇ ನೋಡುತ್ತಿದ್ದಾಳೆ, ಅಲ್ಲಿ ಹೊಳೆ ಸೇತುವೆಯ ಹತ್ತಿರ ಜಟಕಾಗಳು ಸಾಲಾಗಿ ನಿಲ್ಲುತ್ತಿವೆ, ಆ ಸಾಲಿನ ಕೊನೆಯ ಬೂದಿಬಣ್ಣದ ಕುದುರೆ ತಮ್ಮ ಬೂದಿ, ಲಗಾಮು ಹಿಡಿದು ಕೂತವನು ಅಪ್ಪ, ಅಷ್ಟು ದೂರದಿಂದಲೂ ಅವನ ರುಮಾಲು ಗುರುತಾಗುತ್ತದೆ. ನಿನ್ನೆ ಶಿಕಾರಿಪುರದಿಂದ ಹೊರಟು ಶಿರಾಳಕೊಪ್ಪದಲ್ಲಿ ನೀರು ಕುಡಿಸಿ, ಏರು ಬಂದಲ್ಲೆಲ್ಲ ಮೂವರೂ ಇಳಿದು ನಡೆದು, ಕುದುರೆಗೆ ಆಯಾಸವಾಗದ ಹಾಗೆ ಇಲ್ಲಿಗೆ ಬಂದದ್ದು ಗೆಲ್ಲುವುದಕ್ಕೆ, ಅವ್ವ ಬೆಳಗಿನಿಂದ ಬಾಯಿಗೆ ನೀರು ಹಾಕದೆ ಇರುವುದು ಗೆಲ್ಲಲಿ ಅಂತ, ಮಗಳಾದವಳು ಮಾತ್ರ ಸೆರಗಿನೊಳಗೆ ಕೈ ಮುಚ್ಚಿಕೊಂಡು ಸೋಲಲಿ, ಸೋಲಲಿ — ಎಂಥ ಬುದ್ಧಿ ಇದು, ಬಿ.ಎ. ಓದಿದ ಬುದ್ಧಿ. ಓದಿಸಿದ್ದಾದರೂ ಯಾರು, ಇದೇ ಬೂದಿ, ಶಿವಮೊಗ್ಗದ ನಾಲ್ಕು ವರ್ಷ ಅದರ ಕಾಲಿನ ಮೇಲೇ ನಡೆದದ್ದು, ಆಗ ಜಟಕಾ ಸ್ಟ್ಯಾಂಡಿನಲ್ಲಿ ಅಪ್ಪನಿಗೆ ಉಸಿರು ಬಿಡಲು ಪುರುಸೊತ್ತಿರಲಿಲ್ಲ, ಈಗ ಬಸ್ಸು ಹಳ್ಳಿಹಳ್ಳಿಗೆ ಹೋಗುತ್ತದೆ, ಬಸ್ಸು ಹೋಗದ ಕಡೆಗೆ ಜನ ನಡೆದೇ ಹೋಗುತ್ತಾರೆ, ಅಡಿಕೆಯ ಧಾರಣೆ ಬಿದ್ದ ಮೇಲೆ ಯಾರ ಕೈಯಲ್ಲೂ ಕಾಸು ಆಡುತ್ತಿಲ್ಲ. ಮನೆಯಲ್ಲಿ ಗಡಿಗೆ ತುಂಬ ಹುರುಳಿ ಬೇಯುತ್ತಿತ್ತು, ಬಸಿದ ಕಟ್ಟು ನಮ್ಮ ಸಾರಿಗೆ, ಕಾಳು ಬೂದಿಗೆ, ಒಂದೇ ಒಲೆಯಲ್ಲಿ ಇಬ್ಬರ ಊಟ, ಈಚೀಚೆಗೆ ಗಡಿಗೆ ಅರ್ಧಕ್ಕಿಳಿದಿದೆ, ಕಾಳು ಕುದುರೆಗೆ ಸಾಲದು, ಕಟ್ಟು ಸಾರಿಗೆ ಸಾಲದು, ಅವ್ವ ಸೌಟು ಆಡಿಸುತ್ತ ಅಂದಿದ್ದಳು, ಕುದ್ರಿ ಸಾಕೋದು ಅರಸರಿಗೆ ರೀ, ನಮಗಲ್ಲ, ಅಪ್ಪ ಅಂದ, ನಿನ್ನ ಸಾಕ್ಲಿಲ್ಲೇನೇ ಇಷ್ಟು ವರ್ಷ, ಅರಸನಾಗಿದ್ನೇನು, ಅವ್ವ ನಕ್ಕುಬಿಟ್ಟಳು, ನಗು ಬಂದದ್ದಕ್ಕೇ ಸಿಟ್ಟಾಗಿ ಸೌಟು ಕುಕ್ಕಿದಳು.

ಅಗೋ, ನಾಗರಾಜಪ್ಪನೋರು, ಬಿಳೀ ಪಂಚೆ, ಕೈಯಲ್ಲಿ ಹೊಸ ಹಗ್ಗ, ಕುಪ್ಪಗಡ್ಡೆಯವರು, ಓಟದ ಕುದುರೆಗಳ ಹುಚ್ಚಿನವರು, ಗೆದ್ರೆ ದುಡ್ಡು ಕೊಟ್ಟು ಇವತ್ತೇ ಹೊಡ್ಕೊಂಡು ಹೋಗ್ತೆ ಹುಚ್ಚರಾಯಪ್ಪ, ಸೋತ್ರೆ ನಂಗೆಂತಕ್ಕೆ ಮಾರಾಯ, ಅಂತ ಅಪ್ಪನಿಗೆ ಅಂದಿದ್ದಾರೆ, ಆದ್ದರಿಂದಲೇ ಅಲ್ಲವೇ ಅವಳ ಈ ಪಾಪದ ಆಸೆ. ಕೆಟ್ಟವರೇನಲ್ಲ ಅವರು, ಹುಲ್ಲಿಗೆ ಕೊರತೆ ಮಾಡುವುದಿಲ್ಲ, ಆದರೆ ಹೋದ ವರ್ಷದ ಆ ಚಾಳಿ ಐತಲ್ಲ ಅಂತ ಅಪ್ಪ ಸಂಕೋಚಪಟ್ಟಾಗ ಅವರು ಹಗ್ಗದಿಂದ ತೊಡೆ ತಟ್ಟಿಕೊಂಡು ಹೇಳಿದ್ದು, ಅದೆಂತ, ಹದಿನೈದು ದಿನ ಚಾಟಿ ಬಿದ್ರೆ ಮರ್ತ್ ಹೋಗ್ತದೆ. ಮರೆತುಹೋಗುತ್ತದೆ. ಹೋದ ವರ್ಷ ಇದೇ ರಸ್ತೆ, ಬೂದಿ ಎಲ್ಲರಿಗಿಂತ ಮುಂದೆ, ಆಗ ದಾರಿಬದಿಯಲ್ಲಿ ನಿಂತ ಗುಡ್ಡಮ್ಮಜ್ಜಿ ಕಂಕುಳಲ್ಲಿ ಕೋಳಿಬುಟ್ಟಿ ಇಟ್ಟುಕೊಂಡು ಬಿಸಿಲಿಗೆ ಅಡ್ಡ ಕೈ ಹಿಡಿದದ್ದಷ್ಟೇ, ಕೈ ಎತ್ತಿದವರನ್ನು ಬಿಟ್ಟುಹೋಗಿ ಗೊತ್ತಿಲ್ಲದ ಜಟಕಾ ಕುದುರೆ ಅದು, ಗಕ್ಕನೆ ನಿಂತಿತು, ನಿಂತು ಬಲಗಿವಿಯನ್ನು ಹಿಂದಕ್ಕೆ ತಿರುಗಿಸಿತು, ಹತ್ತಿದರೋ ಇಲ್ಲವೋ ಅಂತ, ಅಪ್ಪ ಹಚಾ ಹಚಾ ಅಂದರೂ ಊಹೂಂ, ಅಜ್ಜಿ ಏನಂದಳು, ಕುಪ್ಪಗಡ್ಡಿಗೆ ಬಿಡ್ತೀಯೇನೋ ತಮ್ಮಾ ಅಂತ ಹತ್ತಿ ಕೂತೇಬಿಟ್ಟಳು, ಹಿಂದೆ ಭಾರ ಬಿದ್ದದ್ದೇ ಕಿವಿ ಮುಂದಕ್ಕಾಯಿತು, ಬೂದಿ ಓಡಿತು, ಎಲ್ಲರಿಗಿಂತ ಕೊನೆಗೆ ಅಜ್ಜಿಯೂ ಕೋಳಿಯೂ ಸಮೇತ ಗುರಿ ಮುಟ್ಟಿತು, ಸೊರಬದ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು, ಅಪ್ಪ ತಲೆ ತಗ್ಗಿಸಿದ್ದ, ತುಂಗಾ ಮಾತ್ರ ಆ ಕಿವಿಯನ್ನು ನೋಡುತ್ತಿದ್ದಳು. ರಜೆಗೆ ಊರಿಗೆ ಬಂದು ಬಸ್ಸಿಳಿದಾಗಲೆಲ್ಲ ಆ ಕಿವಿ ಅವಳಿಗಾಗಿ ಹಾಗೆ ತಿರುಗುತ್ತಿತ್ತು, ಇಷ್ಟು ಹೊತ್ತಿಗೆ ಬಂದೆಯಾ, ಹತ್ತು ಅನ್ನುವ ಹಾಗೆ, ಬೇರೆ ಯಾರೂ ಅವಳು ಬಾಯಿ ಬಿಡಲಿ ಅಂತ ಹಾಗೆ ಕಾದವರಲ್ಲ. ನಿನ್ನೆ ಸಂಜೆ ಇಲ್ಲಿಗೆ ಬಂದು ಊಟಕ್ಕೆ ಕೂತಾಗ ಅಪ್ಪ ನಾಗರಾಜಪ್ಪನೋರ ಎದುರಿಗೇ ಹೇಳಿದ, ಮಗಳು ಬಿ.ಎ. ಆಗ್ಯಾಳ, ಜೂನಿಂದ ಹುಡುಗೀರ ಸಾಲ್ಯಾಗ ಟೀಚರು, ಮನಿ ಮುಂದೆ ಜಟಕಾ ನಿಂತ್ರ ಅವಳಿಗೂ ನಾಚಿಕಿ ಅಲ್ಲೇನ್ರಿ, ಆಮೇಲೆ ಅವಳ ಕಡೆ ತಿರುಗಿ, ಮೆಲ್ಲಗೆ, ನೀನೂ ಒಂದು ಮಾತು ಹೇಳು ತುಂಗವ್ವ, ನೀ ಬ್ಯಾಡ ಅಂದ್ರ ಬ್ಯಾಡ. ತಟ್ಟೆಯಲ್ಲಿ ಅನ್ನ ಕಲಸುತ್ತ ಕಲಸುತ್ತ ಅವಳು ಅಂದದ್ದು, ನಿನ್ನಿಷ್ಟ ಅಪ್ಪ. ದಿನಚರಿಯಲ್ಲಾದರೆ ಪುಟಗಟ್ಟಲೆ ಬರುತ್ತದೆ, ನಾಲಿಗೆಗೆ ಬಂದದ್ದು ಇಷ್ಟೇ, ನಿನ್ನಿಷ್ಟ ಅಪ್ಪ, ಅಪ್ಪ ಎದ್ದು ಕೈ ತೊಳೆಯಲು ಹೋದ, ಮತ್ತೆ ಬಂದು ಕೂರಲಿಲ್ಲ.

ಕೊಂಬು ಊದಿದರು, ಹೊರಟವು, ಹೊರಟೇಬಿಟ್ಟವು, ಧೂಳು, ಧೂಳಿನೊಳಗೆ ಗಾಲಿಗಳು, ಜನ ಕೂಗುತ್ತಿದ್ದಾರೆ, ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತಿದ್ದಾನೆ, ಕೈ ಅಡ್ಡ ಹಿಡಿದರೆ ಕಾಣುತ್ತದೆ — ಕೈ! ಕೈ ಎತ್ತಿದರೆ ಬೂದಿ ನಿಲ್ಲುತ್ತದೆ. ಇಷ್ಟು ಸುಲಭ. ನಿಂತರೆ ಸೋಲುತ್ತದೆ, ಸೋತರೆ ಆ ಹೊಸ ಹಗ್ಗ ಕುಪ್ಪಗಡ್ಡೆಗೆ ಬರಿದೇ ಹೋಗುತ್ತದೆ, ಯಾರೂ ಏನೂ ಅನ್ನುವುದಿಲ್ಲ, ಪಾಪ, ಓದಿದ ಹುಡುಗಿ, ಬಿಸಿಲಿಗೆ ಕೈ ಹಿಡಿದಳು ಅಂದಾರು, ಬಾಯಿ ಬಿಚ್ಚದೆಯೇ ಎಲ್ಲ ಮುಗಿಯುತ್ತದೆ, ಬೆರಳುಗಳು ಸೆರಗಿನೊಳಗೇ ಮಿಡುಕಿದವು, ಬಂತು, ಎರಡನೆಯದು ಬೂದಿ, ಅಲ್ಲ, ಸಮಸಮ, ಅಪ್ಪ ಅರ್ಧ ಎದ್ದು ನಿಂತಿದ್ದಾನೆ, ರುಮಾಲು ಬಿದ್ದಿದೆ, ಅವನ ಮುಖ, ಆ ಮುಖ, ಅಪ್ಪ ನಗುತ್ತಿದ್ದಾನೆ, ಎಷ್ಟು ದಿನವಾಯಿತು ಈ ಮುಖ ನೋಡಿ, ಈ ನಗುವಿನೆದುರು ಕೈ ಎತ್ತುವುದೇ, ತನ್ನ ಹೇಡಿತನಕ್ಕೆ ಅಪ್ಪನ ತಲೆ ಇನ್ನೊಂದು ಸಲ ತಗ್ಗಬೇಕೇ, ಅವಳು ಎರಡೂ ಕೈಗಳನ್ನು ಕಂಕುಳಲ್ಲಿ ಒತ್ತಿ ಹಿಡಿದಳು, ಕಣ್ಣಿನಿಂದ ನೀರು ಸುರಿಯಿತು, ಬಿಸಿಲಿಗೋ ಯಾತಕ್ಕೋ, ಓಡು ಬೂದಿ, ಓಡವ್ವ, ಗಾಳಿಯ ಹಾಗೆ ಏನೋ ಮುಖಕ್ಕೆ ರಾಚಿ ದಾಟಿಹೋಯಿತು, ಅವ್ವ ಅವಳ ರಟ್ಟೆ ಹಿಡಿದು ಅಲ್ಲಾಡಿಸುತ್ತಿದ್ದಾಳೆ, ಗೆದ್ದೈತೆ, ನಮ್ಮ ಬೂದಿ ಗೆದ್ದೈತೆ ತುಂಗಿ!

ಹಿಂದೆಲ್ಲ ಗೆದ್ದವರಿಗೆ ಬೆಳ್ಳಿ ಕಡಗವಂತೆ, ಈ ವರ್ಷ ಓಟ ನಡೆಸುವವರ ಕೈಯೂ ಬಿಗಿ, ಒಂದು ಚೀಲ ಹುರುಳಿ, ಅವ್ವ ಚೀಲದ ಬಾಯಿ ಬಿಚ್ಚಿ ಕಾಳು ಮುಷ್ಟಿಯಲ್ಲಿ ಹಿಡಿದು ನೋಡುತ್ತಾಳೆ, ಗಟ್ಟಿ ಕಾಳು ರೀ, ಮುಂಗಾರಿನ ತನಕ ಬರ್ತಿತ್ತು, ಅಂದವಳು ಮುಷ್ಟಿಯ ಕಾಳನ್ನು ಮತ್ತೆ ಚೀಲಕ್ಕೆ ಸುರಿದಳು, ಯಾರಿಗೆ ಬರ್ತಿತ್ತು, ಯಾರಿಗೆ ಬೇಯಿಸುವುದು ಇನ್ನು, ಮುಂಗಾರೆಂದರೆ ಜೂನು, ಜೂನೆಂದರೆ ತನ್ನ ಸಂಬಳ, ಅದರಲ್ಲಿ ಬೂದಿಗೆ ಕಾಳು, ಇಷ್ಟು ನೇರವಾಗಿದೆಯಲ್ಲ ಲೆಕ್ಕ, ಯಾರೂ ಯಾಕೆ ಹೇಳುತ್ತಿಲ್ಲ, ಹೇಳಬೇಕಾದವಳು ಯಾರು. ಜನರ ನಡುವೆ ಅಪ್ಪ ಜಟಕಾ ತಿರುಗಿಸಿಕೊಂಡು ಬರುತ್ತಿದ್ದಾನೆ, ಅಲ್ಲ, ಅಪ್ಪ ಕೆಳಗಿಳಿದು ಲಗಾಮು ಸಡಿಲ ಬಿಟ್ಟು ನಡೆಯುತ್ತಿದ್ದಾನೆ, ಬರುತ್ತಿರುವುದು ಬೂದಿ, ನಾಗರಾಜಪ್ಪನೋರನ್ನು ದಾಟಿ, ಅವರ ಹಗ್ಗವನ್ನು ದಾಟಿ, ಅವಳ ಮುಂದೆ ಬಂದು ತಾನಾಗಿಯೇ ನಿಂತಿತು. ಕೈ ಎತ್ತಿಯೇ ಇರಲಿಲ್ಲ ಅವಳು. ಪಕ್ಕೆಗಳು ಏರಿ ಇಳಿಯುತ್ತಿವೆ, ಬಾಯಲ್ಲಿ ನೊರೆ. ನೋಡ್ರಿ, ಮತ್ತೆ ನಿಲ್ತು ಇದು, ಯಾರೋ ನಕ್ಕರು. ನಾಗರಾಜಪ್ಪನೋರು ಹಗ್ಗ ಬಿಚ್ಚುತ್ತ, ಎಂತ ಹುಚ್ಚರಾಯಪ್ಪ, ಬೆಳಕಿರೋವಾಗ್ಲೇ ಹೊರಡ್ತೆ, ಅಂದರು. ಅಪ್ಪನ ನಗು ಆರಿತು, ಲಗಾಮು ಹಿಡಿದ ಕೈ ಅವರ ಕಡೆಗೆ ಅರ್ಧ ಮುಂದೆ ಬಂತು. ಬೂದಿಯ ಬಲಗಿವಿ ಹಿಂದಕ್ಕೆ ತಿರುಗಿದೆ. ಹತ್ತಿದಳೋ ಇಲ್ಲವೋ ಅಂತ. ಹದಿನೈದು ದಿನದಲ್ಲಿ ಮರೆಯಬೇಕಾದ ಕಿವಿ. ತಿರುಗಿಯೇ ಇದೆ. ಕಾಯುತ್ತಿದೆ. ಕಿವಿ —

ಅಪ್ಪ, ಅಂದಳು ತುಂಗಾ, ಆ ದನಿ ಅಷ್ಟು ಜನಕ್ಕೂ ಕೇಳಿಸಿತು, ಬೂದೀನ ಕೊಡಬ್ಯಾಡ, ನಂಗೇನೂ ನಾಚಿಕಿ ಇಲ್ಲ, ನಂಗ ಬೇಕು ಅದು.