ಬೇರಿಲ್ಲದ ಗಿಡ, ಬಕೆಟ್ಟಿನ ಯಜಮಾನರು

"ಸಮಸ್ತ ಗ್ರಾಹಕ ಮಹಾಶಯರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಮ್ಮ ಮನೆಯ ಮೀನಿನ ತೊಟ್ಟಿಗೆ ಗೇಣುದ್ದದ ಗಿಡವೊಂದು ಸುಖವಾಗಿ ಆಗಮಿಸಿದೆ. ಅದಕ್ಕೆ ಬೇರಿಲ್ಲ. ಯಾರೂ ಗಾಬರಿಯಾಗಬಾರದು."

ಸಲೂನಿನ ಕನ್ನಡಿಯ ಮೂಲೆಗೆ ಈ ಪ್ರಕಟಣೆ ಅಂಟಿದ ದಿನ ಗಾಬರಿಯಾಗಲು ಯಾರಿಗೂ ಕಾರಣವಿರಲಿಲ್ಲ. ಮುಖಕ್ಕೆ ನೊರೆ ಹಚ್ಚಿಸಿಕೊಂಡವರು ಓದಿ ನೊರೆಯೊಳಗೇ ನಕ್ಕರು. ಸಲೂನ್ ಮಾಲೀಕ ನಗಲಿಲ್ಲ. ಇಪ್ಪತ್ತೆರಡು ವರ್ಷ ಊರಿನವರ ತಲೆ ತಗ್ಗಿಸಿದ ಮನುಷ್ಯನಿಗೆ ಒಮ್ಮೆಯಾದರೂ ತನ್ನ ತಲೆ ಎತ್ತಬೇಕು ಅನ್ನಿಸಿತ್ತು. ಮೀನು ಸಾಕುವವರ ಸಂಘದ ಸ್ಪರ್ಧೆಯಲ್ಲಿ ಈ ಸಲ ಬೇರಿಲ್ಲದ ಗಿಡಗಳಿಗೆಂದೇ ಹೊಸ ವಿಭಾಗ ಬಂದಿತ್ತು. ಗೆದ್ದವರ ಫೋಟೊ ಸಂಘದ ಗೋಡೆಯ ಮೇಲೆ.

ಗಿಡ ನರಿಬಾಲದಂತಿತ್ತು. ಮಣ್ಣು ಬೇಡ, ಕುಂಡ ಬೇಡ. ನೀರಿಗೆ ಬಿಟ್ಟರೆ ತೇಲಿಕೊಂಡೇ ಎಲೆಗಳಿಂದ ಊಟ ಹೀರುತ್ತಿತ್ತು.

"ಕೂತು ತಿನ್ನೋರನ್ನ ನೋಡಿದ್ದೆ, ತೇಲ್ಕೊಂಡು ತಿನ್ನೋದು ಇದೇ ಮೊದ್ಲು" ಎಂದಳು ಹೆಂಡತಿ.

ತೊಟ್ಟಿ ಮಾತ್ರ ಅತ್ತೆಯದು. ಹೆಂಡತಿಯ ತಾಯಿ ಮಗಳ ಮನೆಗೆ ಬರುವಾಗ ಟ್ರಂಕಿನ ಜೊತೆ ತಂದದ್ದು ಅದೊಂದೇ. ಒಳಗೆ ಚಿನ್ನದ ಬಣ್ಣದ ಒಂದು ಮುದಿ ಮೀನು. ಮಾವ ಸಾಯುವುದಕ್ಕೆ ತಿಂಗಳ ಮುಂಚೆ ಕೊಂಡದ್ದು. ಗಂಡನನ್ನು ಕರೆಯುತ್ತಿದ್ದಂತೆ ಅತ್ತೆ ಅದನ್ನೂ "ಯಜಮಾನ್ರು" ಅನ್ನುತ್ತಿದ್ದರು. ಬೆಳಿಗ್ಗೆ ಎದ್ದು, ಕುರ್ಚಿ ಎಳೆದುಕೊಂಡು, ಹಿಂದಿನ ದಿನದ ವರದಿಯನ್ನೆಲ್ಲ ಅದಕ್ಕೆ ಒಪ್ಪಿಸುತ್ತಿದ್ದರು. ಮಾವನಂತೆ ಅದೂ ಉತ್ತರ ಕೊಡುತ್ತಿರಲಿಲ್ಲ.

ಮೂರನೇ ವಾರ ಗಿಡ ಅಡ್ಡಾದಿಡ್ಡಿ ಬೆಳೆಯಿತು. ಮಾಲೀಕ ಸಲೂನಿನ ಕತ್ತರಿ, ಬಾಚಣಿಗೆ ತಂದು ಕಚಕಚನೆ ಟ್ರಿಮ್ ಮಾಡಿದ. ಉದುರಿದ ತುಂಡುಗಳನ್ನು ಎತ್ತಲಿಲ್ಲ. ಕತ್ತರಿಸಿದ್ದು ಸತ್ತದ್ದು, ಕೂದಲು ಬೆಳೆಯುವುದು ಬುಡದಿಂದ. ಕಸುಬು ಕಲಿಸಿದ ಪಾಠ ಅದು. ಆದರೆ ಬೇರೇ ಇಲ್ಲದ್ದಕ್ಕೆ ಬುಡ ಯಾವುದು, ತುದಿ ಯಾವುದು? ವಾರದಲ್ಲಿ ನಲವತ್ತು ತುಂಡುಗಳೂ ನಲವತ್ತು ಗಿಡಗಳಾದವು. ಅವನು ಮತ್ತೆ ಕತ್ತರಿಸಿದ.

"ರೀ, ಇದು ಕಟಿಂಗಾ, ಬಿತ್ತನೆನಾ?"

"ಒತ್ತಾಗಿ ಕಾಣ್ಬೇಕು ಕಣೇ. ಬಕ್ಕತಲೆಗೆ ಯಾರಾದ್ರೂ ಬಹುಮಾನ ಕೊಡ್ತಾರಾ?"

ಗುಳ್ಳೆ ಬಿಡುವ ಪುಟ್ಟ ಮೋಟರನ್ನೂ ನಿಲ್ಲಿಸಿದ. ಗುಳ್ಳೆ ನಿಂತರೆ ಗಿಡ ಇನ್ನೂ ಬೇಗ ಬೆಳೆಯುತ್ತದೆ ಎಂದು ಮೀನಿನ ಅಂಗಡಿಯವ ಹೇಳಿದ್ದ. ಬೆಳಕಿದ್ದಾಗ ಗಿಡ ನೀರಿಗೆ ಉಸಿರು ಕೊಡುತ್ತದೆ, ಕತ್ತಲಾದರೆ ಕೊಟ್ಟದ್ದನ್ನು ವಾಪಸ್ ಎಳೆದುಕೊಳ್ಳುತ್ತದೆ ಎಂಬ ಉಳಿದರ್ಧವನ್ನು ಅವನು ಹೇಳಲಿಲ್ಲ, ಇವನು ಕೇಳಲಿಲ್ಲ.

ಕಿಟಕಿಗೆ ಒರಗಿದ್ದ ತೊಟ್ಟಿ ಹಸಿರಿನಿಂದ ಕಿಕ್ಕಿರಿಯಿತು. ನಡುಮನೆಯಲ್ಲಿ ಮಧ್ಯಾಹ್ನವೇ ಮಬ್ಬು. ಮೋಟರಿನ ಗೊರಗೊರ ನಿಂತ ಮೇಲೆ ಮನೆಯಲ್ಲಿ ಯಾರೋ ಉಸಿರು ಬಿಗಿಹಿಡಿದು ಕೂತಂತಿತ್ತು. ಅತ್ತೆ ಒಂದು ಕಣ್ಣು ಮುಚ್ಚಿ ಗಾಜಿನಲ್ಲಿ ಸಂದಿ ಹುಡುಕುತ್ತಿದ್ದರು. ದಿನಕ್ಕೆರಡು ಸಲ ಕಾಣುತ್ತಿದ್ದ ಚಿನ್ನದ ಹೊಳಪು ಒಂದು ಸಲಕ್ಕಿಳಿಯಿತು.

"ಅಳಿಯಂದ್ರೇ, ಇವತ್ತು ಬೆಳಿಗ್ಗೆ ಯಜಮಾನ್ರು ಮೇಲೆ ಬಂದು ಬಾಯಿ ಬಾಯಿ ಬಿಡ್ತಿದ್ರು."

"ಹಸಿವಿರ್ಬೇಕು ಅತ್ತೆ."

"ಅವ್ರೂ ಕೊನೇ ವಾರ ಹಿಂಗೇ ಬಿಡ್ತಿದ್ರು. ಆಗ್ಲೂ ನೀವು ಹಸಿವು ಅಂದ್ರಿ."

ಅಳಿಯ ಕತ್ತರಿ ಒರೆಸಿದ. "ಭಾನುವಾರ ತೀರ್ಪುಗಾರರು ಬರ್ತಾರೆ. ಅಲ್ಲೀವರೆಗೆ ತೊಟ್ಟಿ ಯಾರೂ ಮುಟ್ಬೇಡಿ."

ಭಾನುವಾರ ಬಂದವರು ನಿವೃತ್ತ ಶಿಕ್ಷಕರು. ಉಪ್ಪಿನ ಹರಳನ್ನೂ ಭೂತಗನ್ನಡಿಯಲ್ಲಿ ನೋಡುವುದರಿಂದ ಊರಿಗೆಲ್ಲ ಲೆನ್ಸ್ ಮೇಷ್ಟ್ರು. ಅಂಗಿಯ ತೋಳು ಮಡಚಿ ನೀರಿಗೆ ಕೈಯಿಳಿಸಿದರು, ಗಿಡ ಎತ್ತಿದರು, ತಿರುಗಿಸಿದರು.

"ಒಂದು ಎಳೆ ಬೇರಿಲ್ಲ. ಇಷ್ಟು ಒತ್ತಾಗಿರೋದು ನಾನೆಲ್ಲೂ ಕಂಡಿಲ್ಲ. ಫೋಟೊಗೆ ಶರ್ಟ್ ಇಸ್ತ್ರಿ ಮಾಡಿಸ್ಕೊಳ್ಳಿ."

ಮಾಲೀಕನ ತಲೆ ತಾನಾಗಿ ಮೇಲೆದ್ದಿತು.

"ಇನ್ನು ಏಳನೇ ನಿಯಮ ಒಂದಿದೆ. ತೊಟ್ಟೀಲಿ ಒಂದಾದ್ರೂ ಜೀವಂತ ಮೀನಿರ್ಬೇಕು. ಎಲ್ಲಿ?"

ಎಲ್ಲರೂ ಬಗ್ಗಿದರು. ಹಸಿರು ಅಲುಗಲಿಲ್ಲ. ಮಾಲೀಕ ಮೊಣಕೈವರೆಗೆ ಕೈಹಾಕಿ ಕಲಕಿದ. ಬೆರಳಿಗೆ ಸಿಕ್ಕಿದ್ದೆಲ್ಲ ಗಿಡವೇ. ಹೆಂಡತಿ ತಾಯಿಯ ಖಾಲಿ ಕುರ್ಚಿ ನೋಡಿದಳು. ಆಗಲೇ ಬಚ್ಚಲುಮನೆಯಿಂದ ಗೊರಗೊರ ಸದ್ದು ಕೇಳಿಸಿತು.

ಅತ್ತೆ ಅಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಮುಂದೆ ಬಕೆಟ್ಟು. ಅದರೊಳಗೆ ಮೋಟರಿನ ಗುಳ್ಳೆ, ಗುಳ್ಳೆಯ ಪಕ್ಕದಲ್ಲಿ ವಾಲಿಕೊಂಡು ಈಜುತ್ತಿದ್ದ ಯಜಮಾನರು.

"ಬೆಳಿಗ್ಗೆ ಮಗುಚ್ಕೊಂಡಿದ್ರು. ಎತ್ಕೊಂಡು ಬಂದೆ."

"ಎರಡೇ ನಿಮಿಷ ಅತ್ತೆ. ತೊಟ್ಟಿಗೆ ಬಿಟ್ಟು, ತೋರ್ಸಿ, ತೆಗೆದ್ಬಿಡ್ತೀನಿ."

"ಮೊದ್ಲು ನೀವು ಎರಡು ನಿಮಿಷ ಮೂಗು ಬಾಯಿ ಮುಚ್ಕೊಂಡು ತೋರ್ಸಿ."

ಅವನು ಹಿಂದೆಯೇ ಬಂದಿದ್ದ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಬಕೆಟ್ಟಿನ ಮೇಲೆ ಲೆನ್ಸ್ ಹಿಡಿದು ಬಹಳ ಹೊತ್ತು ನೋಡಿದರು.

"ಮೀನು ಜೀವಂತ ಇದೆ, ಒಪ್ದೆ. ಆದ್ರೆ ಬಕೆಟ್ಟಿನ ಮೀನನ್ನ ತೊಟ್ಟಿ ಮೀನು ಅಂತ ಬರ್ಕೊಳ್ಳೋಕಾಗಲ್ಲ. ಮೀನಿಲ್ದೆ ಇರೋ ತೊಟ್ಟಿ ನಮ್ಮ ನಿಯಮದಲ್ಲಿ ಬರೀ ನೀರಿನ ಪೆಟ್ಟಿಗೆ." ಹಾಳೆಗೊಂದು ಅಡ್ಡಗೆರೆ ಎಳೆದು ಹೊರಟರು.

ಮಾಲೀಕ ಬಕೆಟ್ಟಿನ ಮುಂದೆ ತಲೆ ತಗ್ಗಿಸಿ ನಿಂತ. ಮೀನಿನ ಜೊತೆ ಬಂದಿದ್ದ ಉಗುರುದ್ದದ ಹಸಿರು ತುಂಡೊಂದು ಗುಳ್ಳೆಗಳ ನಡುವೆ ಸುತ್ತುತ್ತಿತ್ತು. ಕೈ ಅಭ್ಯಾಸಬಲದಿಂದ ಜೇಬಿನ ಕತ್ತರಿಗೆ ಹೋಯಿತು.

"ಕೈಯಲ್ಲೇ ತೆಗೀರಿ" ಎಂದರು ಅತ್ತೆ.