ಸುದ್ದಿ ಒಯ್ಯುವವನ ಮನೆ

ಕಾರ್ತೀಕದ ಬಿಸಿಲು. ನರಸಿಂಹಪ್ಪನ ಹೊಲದಲ್ಲಿ ಹೆಂಗಸರು ಕಿತ್ತ ಗಿಡ ಗುಡ್ಡೆ ಹಾಕಿಕೊಂಡು ಕಡ್ಲೆಕಾಯಿ ಬಿಡಿಸುತ್ತಿದ್ದರು.

"ಪೋಲಮ್ಮತ್ತೇ, ನಿನ್ನ ಮಗ ಬೆಂಗ್ಳೂರಾಗೆ ಕೂತ್ಕಂಡು ನಮ್ಗೆ ಕಾಯಿ ಒಣಗ್ಸೋದು ಹೇಳ್ಕೊಡ್ತಾನೆ. ಬಂದು ನಾಕು ಗಿಡ ಬಿಡಿಸಿ ತೋರಿಸ್ಲಿ ನೋಡಾನ!" ಎಂದಳು ನಾದಿನಿಯ ಮಗಳು ಈರಕ್ಕ.

ಪೋಲಮ್ಮ ನಕ್ಕಳು. ಮಾದಿಗರ ಕೇರಿಯಿಂದ ಹೋಗಿ ರೇಡಿಯೋದಲ್ಲಿ ಮಾತಾಡಿದವರಲ್ಲಿ ಅವಳ ಮಗ ದಾಸಣ್ಣನೇ ಮೊದಲಿಗ. ಗಂಡ ಪೆದ್ದಣ್ಣನದೂ ಒಂದು ರೀತಿ ಅದೇ ಕಸುಬು. ಊರಲ್ಲಿ ಯಾರು ಸತ್ತರೂ ನೆಂಟರ ಊರಿಗೆ ನಡೆದುಹೋಗಿ ಸುದ್ದಿ ಮುಟ್ಟಿಸುವುದು. ನರಸಿಂಹಪ್ಪನ ತಾಯಿ ತೀರಿಕೊಂಡಾಗ ಹಿಂದೂಪುರದವರೆಗೂ ನಡೆದಿದ್ದ.

ಆ ಮಧ್ಯಾಹ್ನ ಪೆದ್ದಣ್ಣನೇ ಗುಡಿಸಲ ಮುಂದೆ ಕೂತಲ್ಲೇ ಒರಗಿ ಪ್ರಾಣ ಬಿಟ್ಟ.

ಮಗ ಬಂದು ಮಣ್ಣು ಹಾಕಬೇಕು. ತಂತಿ ಕೊಡಬೇಕೆಂದರೆ ಹನ್ನೆರಡು ಮೈಲಿ ಆಚೆಯ ಕಲ್ಯಾಣದುರ್ಗಕ್ಕೇ ಹೋಗಬೇಕು. ಬಸ್ಸು ಆಗಲೇ ಹೋಗಿತ್ತು. ಪೋಲಮ್ಮ ನರಸಿಂಹಪ್ಪನ ಅಂಗಳದಾಚೆ ನಿಂತು ಕೈಮುಗಿದಳು.

"ಅಯ್ಯಾ, ನಿಮ್ಮ ಮೋಟರ್ ಸೈಕಲ್ಲಾಗೆ ಯಾರನ್ನಾದ್ರೂ ಕಳಿಸ್ರಯ್ಯಾ."

ಅವನಿಗೂ ಕಣ್ಣು ತುಂಬಿತ್ತು. "ಒಳ್ಳೇ ಮನುಷ್ಯ ಕಣಮ್ಮ. ಆದ್ರೆ ನಿಮ್ಮ ಕೇರಿ ಸಾವಿನ ಸುದ್ದೀನ ನಮ್ಮೋರು ಒಯ್ದ್ರು ಅಂದ್ರೆ, ನಾಳೆ ನಾನು ತಲೆ ಎತ್ಕಂಡು ತಿರುಗೋದು ಹೆಂಗೆ?"

ಈರಕ್ಕ ಸೆರಗು ಬಿಗಿದು ನಡೆದೇ ಹೊರಟಳು.

ಹೊತ್ತಿಳಿಯಿತು. "ರಾತ್ರಿ ಹೆಣ ಇಡಂಗಿಲ್ಲ, ಬೆಳಕಿದ್ದಂಗೇ ಎತ್ತಾನಮ್ಮ," ಎಂದು ಕೇರಿಯ ಹಿರಿಯರು ಎದ್ದರು. ಅಷ್ಟರಲ್ಲಿ ಪಂಚಾಯ್ತಿ ಕಟ್ಟೆಯ ರೇಡಿಯೋ ಮಾತಾಡಿತು. "ರೈತ ಬಾಂಧವರೇ, ನಮಸ್ಕಾರ." ದಾಸಣ್ಣನೇ. ಗೆಲುವಾಗಿದ್ದ. ಅವನಿಗೆ ಸುದ್ದಿ ಮುಟ್ಟಿಲ್ಲವೆಂದು ಆ ದನಿಯಲ್ಲೇ ಪೋಲಮ್ಮನಿಗೆ ತಿಳಿಯಿತು.

"ತಡೀರಿ. ಅವನು ಮಾತು ಮುಗಿಸ್ಲಿ."

ಕಾಯಿ ಎಷ್ಟು ದಿನ ಒಣಗಬೇಕು, ಮೂಟೆ ಯಾವಾಗ ಕಟ್ಟಬೇಕು ಎಂದು ಅವನು ಹೇಳುತ್ತಿದ್ದಷ್ಟು ಹೊತ್ತೂ ಚಟ್ಟ ಕೇರಿಯ ನಡುವೆ ಕಾದಿತ್ತು.

ಈರಕ್ಕ ತಲುಪುವ ಹೊತ್ತಿಗೆ ಅಂಚೆ ಕಚೇರಿ ಬಾಗಿಲು ಹಾಕಿತ್ತು. ತಂತಿ ಹೋದದ್ದು ಮರುದಿನ. ಹಿಂದೂಪುರದವರೆಗೆ ರೈಲು, ಅಲ್ಲಿಂದ ಎರಡು ಬಸ್ಸು ಹತ್ತಿ ದಾಸಣ್ಣ ಬಂದದ್ದು ಮೂರನೆಯ ದಿನ.

"ಎಷ್ಟೊತ್ತಿಗೆ ಎತ್ತಿದ್ರಮ್ಮಾ?"

"ರೇಡಿಯೋದಾಗೆ ನಿನ್ನ ಮಾತೆಲ್ಲ ಮುಗಿದ್ಮೇಲೆ ಕಣಪ್ಪ."

ಅವನು ಗುಡಿಸಲ ಮುಂದೆ ಅಪ್ಪ ಒರಗಿದ್ದ ಜಾಗದಲ್ಲಿ ಹೋಗಿ ಕೂತ.

ಸಾವಿನ ಸುದ್ದಿ ಒಯ್ದವರಿಗೆ ಒಂದು ಸೇರು ರಾಗಿ ಕೊಡುವುದು ಊರಿನ ವಾಡಿಕೆ. ಪೋಲಮ್ಮ ಮೊರಕ್ಕೆ ಅಳೆದು ಹಾಕಿ ಈರಕ್ಕನ ಮುಂದಿಟ್ಟಳು. ಅಂಗಾಲಿನ ಬೊಬ್ಬೆ ಇನ್ನೂ ಆರದ ಈರಕ್ಕ ಮೊರವನ್ನು ಹಿಂದಕ್ಕೆ ತಳ್ಳಿದಳು.

"ಬ್ಯಾಡತ್ತೆ. ಹೊತ್ತಿಗೆ ಮುಟ್ಟದಿರೋ ಸುದ್ದಿಗೆ ಮಾವ ಯಾವತ್ತೂ ರಾಗಿ ಇಸ್ಕಂಡೋನಲ್ಲ."